ಬೇವಿನ ಹಿಂದೆ ಬಿಳಿ ಪಂಚೆ

ರಸ್ತೆಬದಿ ಮರ ನೆಡಿಸುವುದು ನನ್ನ ಕೆಲಸ. ಚೆನ್ನೈ ಪಕ್ಕದ ಎಣ್ಣೂರಿನಲ್ಲಿ ಕಲ್ಲಿದ್ದಲು ಲಾರಿ ಓಡಾಡುವ ಒಂದು ರಸ್ತೆಗೆ, ಧೂಳು ತಡೆಯಲಿ ಅಂತ ಎಡಗಡೆ ಬೇವು ನೆಡಿಸಿದ್ದೆ. ಬಲಗಡೆಯನ್ನು ಸಹೋದ್ಯೋಗಿ ಸೆಂದಿಲ್‌ಗೆ ಕೊಟ್ಟಿದ್ದರು. ಅವನು ಟಬೆಬುಯಾ ಹಾಕಿಸಿದ. ಧೂಳು ವಿಪರೀತವಾಗುವ ಹೊತ್ತಿಗೇ ಅದು ಎಲೆಯೆಲ್ಲ ಉದುರಿಸಿಕೊಂಡು ಮೈತುಂಬ ಗುಲಾಬಿ ಹೂ ಬಿಡುತ್ತದೆ. ಎಲೆಯೇ ಇಲ್ಲದ ಮರ ಧೂಳು ಹಿಡಿಯುವುದು ಹೇಗೆ? ಆದರೂ ಜನ ಸೆಲ್ಫಿಗೆ ನಿಲ್ಲುವುದು ಅಲ್ಲೇ. ನಮ್ಮ ಆಫೀಸಿನ ಕ್ಯಾಲೆಂಡರಿಗೆ ಹೋದದ್ದೂ ಅದೇ. ನನಗೆ ಹೊಟ್ಟೆ ಉರಿಯುತ್ತಿತ್ತು.

ಈ ಸಲ ಮರ ನೋಡಲು ಹೋದಾಗ, ಬಲಗಡೆಯ ಮನೆಯ ಸೆಲ್ವಿಯಕ್ಕ ಬಕೆಟ್ ಹಿಡಿದು ಹೊರಗೆ ಬಂದರು.

"ಏನ್ ಸಾರ್, ನಿಮ್ಮ ಮರ ಇಷ್ಟು ಕೊಳಕು! ಸೆಂದಿಲ್ ತಂಬಿ ಮರ ನೋಡಿ, ಎಷ್ಟು ಲಕ್ಷಣ!" ಅಂತ ತಮಿಳಿನಲ್ಲಿ ರಾಗ ಎಳೆದರು.

"ಎಲೆ ಮೇಲೆ ಕೂತ ಧೂಳು ನಿಮ್ಮ ಮೂಗಿಗೆ ಬರಲ್ಲ ಅಕ್ಕ," ಅಂದೆ.

ಅವರು ಕೇಳಿಸಿಕೊಳ್ಳಲೇ ಇಲ್ಲ. ಆ ಹೂವನ್ನು ಹೊಗಳುತ್ತಲೇ ರಸ್ತೆ ದಾಟಿ, ನನ್ನ ಬೇವಿನ ಸಾಲಿನ ಹಿಂದೆ ಕಟ್ಟಿದ್ದ ಹಗ್ಗದ ಮೇಲೆ ಗಂಡನ ಬಿಳಿ ಪಂಚೆಗಳನ್ನು ಒದರಿ ಒದರಿ ಹರವಿದರು.

"ನಿಮ್ಮ ಮನೆ ಮುಂದೇನೇ ಒಣಗಿಸಬಹುದಲ್ಲ?"

"ಅಯ್ಯೋ, ಅಲ್ಲಿ ಹಾಕಿದರೆ ಮಧ್ಯಾಹ್ನಕ್ಕೆ ಕರ್ರಗಾಗಿಬಿಡತ್ತೆ ಸಾರ್!"

ಕುಣಿಯುವಷ್ಟು ಖುಷಿಯಾಯಿತು. ಹಗ್ಗದ ಆಚೆ ಹೋಗಿ ಪಂಚೆಗಳ ಫೋಟೊ ತೆಗೆದು, ಅವರ ಮಾತನ್ನೂ ಬರೆದು ಸೆಂದಿಲ್‌ಗೆ ಕಳಿಸಿದೆ. ತಕ್ಷಣ ಉತ್ತರ ಬಂತು: "ಸೂಪರ್ ಸಾರ್! ಫೋಟೊದಲ್ಲಿ ಹಿಂದೆ ನನ್ನ ಹೂವು ಎಷ್ಟು ಚೆನ್ನಾಗಿ ಬಂದಿದೆ!"