ಉಂಟು ಪೀರಿಯಡ್

ಮಡಂತ್ಯಾರಿನ ಒಂದು ಹೈಸ್ಕೂಲಿನಲ್ಲಿ ನಾನು ಮಕ್ಕಳ ಮುಂದಿಟ್ಟ ಮೊದಲ ಪ್ರಶ್ನೆ, ‘ನಿಮ್ಮ ಶಕ್ತಿ ಏನು?’ ಎಂಬುದು. ಮೊದಲ ಉತ್ತರ ಹಿಂದಿನ ಬೆಂಚಿನಿಂದ ಬಂತು.

‘ಅರ್ಧ ಮುಡಿ ಅಕ್ಕಿ ಹೊರ್ತೇನೆ, ಅಕ್ಕ.’

ಪಕ್ಕದವನು ಬಿಡಲಿಲ್ಲ. ‘ಸುಳ್ಳು ಅಕ್ಕ. ಅವನ ಬ್ಯಾಗು ಹೊರುದು ಅವನ ತಂಗಿ.’

ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ನಗು ನಿಲ್ಲುವಷ್ಟರಲ್ಲಿ ಒಂದು ಸಂಗತಿ ಸ್ಪಷ್ಟವಾಗಿತ್ತು. ಮಹಾನಗರದ ತರಬೇತಿಯೊಂದರಿಂದ ನಾವು ತಂದಿದ್ದ ಕೈಪಿಡಿಯ ಕನ್ನಡ ಈ ಮಕ್ಕಳ ಕಿವಿಯೊಳಗೆ ಇಳಿಯುತ್ತಿರಲಿಲ್ಲ. ಅದರಲ್ಲಿ ‘ಶಕ್ತಿ’ ಎಂದರೆ ಮನಸ್ಸಿಗೆ ಆಸರೆಯಾಗುವ ಗುಣ. ಮಕ್ಕಳಿಗೆ ಅದು ತೋಳಿನದು, ಹೆಚ್ಚೆಂದರೆ ದೈವದ್ದು. ಕೈಪಿಡಿಯನ್ನು ಮಡಚಿ ಚೀಲಕ್ಕೆ ಹಾಕಿ ಪ್ರಶ್ನೆಯನ್ನು ಊರಿನ ಮಾತಿಗೆ ತಿರುಗಿಸಿದೆ: ‘ನಿಮ್ಮ ಹತ್ತಿರ ಎಂತ ಉಂಟು? ನಿಮಗೆ ಎಂತ ಗೊತ್ತುಂಟು?’

ಆಗ ಆದದ್ದನ್ನು ನೆನೆದರೆ ಇಂದಿಗೂ ಮೈ ಝುಮ್ಮೆನ್ನುತ್ತದೆ. ಕೈಗಳು ಏಳತೊಡಗಿದವು. ಬೀಡಿ ಕಟ್ಟುತ್ತಲೇ ಪದ್ಯ ಬಾಯಿಪಾಠ ಮಾಡಲು ಗೊತ್ತುಂಟು ಎಂದಳು ಒಬ್ಬಳು. ಕೋಪ ಬಂದರೆ ಹಟ್ಟಿಗೆ ಹೋಗಿ ದನದ ಹತ್ತಿರ ಎಲ್ಲವನ್ನೂ ಹೇಳಿ ಬರುವ ಅಭ್ಯಾಸ ಉಂಟು ಎಂದ ಇನ್ನೊಬ್ಬ. ಅಪ್ಪ ಅಮ್ಮ ಜಗಳವಾಡುವಾಗ ತಮ್ಮನನ್ನು ನಗಿಸುವ ಉಪಾಯ ಉಂಟು ಎಂದು ಮತ್ತೊಬ್ಬಳು ಮೆಲ್ಲಗೆ ಹೇಳಿದಳು. ಮುಂದಿನ ವಾರ ಅದೇ ಶಾಲೆಗೆ ಹೋದರೆ ಮಕ್ಕಳೇ ಹೆಸರಿಟ್ಟಿದ್ದರು: ‘ಇವತ್ತು ಉಂಟು ಪೀರಿಯಡ್ ಉಂಟು.’

ಹಿನ್ನೆಲೆಯನ್ನು ಹೇಳಬೇಕು. ತೊಂಬತ್ತರ ದಶಕದ ಕೊನೆಯಲ್ಲಿ, ಮೈಸೂರಿನ ಓದು, ಓದಿಗಿಂತ ಹೆಚ್ಚಾಗಿ ಅಲ್ಲಿನ ಚಳವಳಿಗಳ ಸಹವಾಸ ಮುಗಿಸಿ ನಾನು ಮೂಡುಬಿದಿರೆಯ ಮನೆಗೆ ಮರಳಿದ್ದೆ. ನಾಲ್ಕಾರು ಅಧ್ಯಾಪಕಿಯರು, ಒಬ್ಬರು ಮನೋವೈದ್ಯೆ, ನಾನು, ಇಷ್ಟೇ ನಮ್ಮ ಬಳಗ. ದಿನಕ್ಕೊಂದು ಶಾಲೆಯಂತೆ ಬಂಟ್ವಾಳ, ಅಳದಂಗಡಿ, ಬೆಳ್ತಂಗಡಿ ಎಂದು ಸರ್ವಿಸ್ ಬಸ್ಸುಗಳಲ್ಲಿ ನಿಂತುಕೊಂಡೇ ತಿರುಗಿದೆವು; ‘ಉಂಟು ಪೀರಿಯಡ್’ ಎಂಬ ಹೆಸರೂ ನಮ್ಮೊಂದಿಗೆ ತಿರುಗಿತು. ಫಲಿತಾಂಶದ ಋತುವಿನಲ್ಲಿ ಈ ಸೀಮೆಯ ಮಕ್ಕಳು ತಮ್ಮ ಜೀವವನ್ನೇ ತೆಗೆದುಕೊಳ್ಳುತ್ತಿದ್ದುದು ನಮ್ಮನ್ನು ಒಟ್ಟುಗೂಡಿಸಿತ್ತು.

ಆ ಸಾವುಗಳ ಸುತ್ತ ನಡೆಯುತ್ತಿದ್ದ ಅನ್ಯಾಯಗಳನ್ನು ನಾನು ಹೆಸರಿಟ್ಟು ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಮಗುವಿನ ಭಾವಚಿತ್ರವನ್ನು, ಅದರ ಅಂಕಗಳನ್ನು, ಅದು ಸತ್ತ ಬಗೆಯನ್ನು ಬಿಡಿಬಿಡಿಯಾಗಿ ಅಚ್ಚು ಹಾಕುವ ಪತ್ರಿಕೆಗಳದ್ದು ಅನ್ಯಾಯ. ಒಂದು ಪರೀಕ್ಷೆಯನ್ನೇ ಇಡೀ ಸಾವಿನ ಕಾರಣವೆಂದು ಸಾರಿ, ಉಳಿದ ನೋವುಗಳನ್ನೆಲ್ಲ ಮುಚ್ಚಿಬಿಡುವುದು ಇನ್ನೊಂದು ಅನ್ಯಾಯ. ಬದುಕಿ ಉಳಿದವರನ್ನು ಅಂದಿನ ಕಾನೂನು ಅಪರಾಧಿಗಳೆಂದು ಕರೆಯುತ್ತಿತ್ತು. ಪೊಲೀಸರಿಗೆ ಹೆದರಿ ಮನೆಯವರು ವೈದ್ಯರಿಂದಲೂ ವಿಷಯ ಮರೆಮಾಚುತ್ತಿದ್ದರು. ಇನ್ನು ಶಾಲೆಗಳು. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹಿಂದುಳಿದ ಮಕ್ಕಳನ್ನು ಹೆಸರು ತೆಗೆದು ‘ಪ್ರೈವೇಟ್ ಕಟ್ಟಿ’, ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯಿರಿ, ಎಂದು ಹೊರಗೆ ಕಳಿಸುವ ಶಾಲೆಗಳಿದ್ದವು. ಉದ್ದೇಶ ಒಂದೇ, ಗೇಟಿನ ಮೇಲೆ ‘ನೂರಕ್ಕೆ ನೂರು ಫಲಿತಾಂಶ’ ಎಂಬ ಬಟ್ಟೆ ಕಟ್ಟುವುದು.

ಬೆಳ್ತಂಗಡಿ ಕಡೆಯ ಅಂಥದೇ ಒಂದು ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಕಕ್ಕಿಂಜೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಬ್ಯಾರಿ ಮನೆತನದ ಮಗಳು. ತಂದೆ ಗಲ್ಫಿನಲ್ಲಿ, ಮನೆಯಲ್ಲಿ ತಾಯಿ, ಅಜ್ಜಿ. ಅವಳ ಸರದಿ ಬಂದಾಗ ‘ನನ್ನ ಹತ್ತಿರ ಎಂತ ಸಹ ಇಲ್ಲ’ ಎಂದು ಕೂತುಬಿಟ್ಟಳು. ಪಕ್ಕದ ಬೆಂಚಿನ ಗೆಳತಿ, ಹೋಟೆಲಿನವರ ಮಗಳು, ಎದ್ದು ನಿಂತಳು. ‘ಅವಳಿಗೆ ಎಷ್ಟು ಭಾಷೆ ಉಂಟು ಕೇಳಿ ಅಕ್ಕ. ಮನೆಯಲ್ಲಿ ಬ್ಯಾರಿ, ನಮ್ಮೊಟ್ಟಿಗೆ ತುಳು, ಶಾಲೆಯಲ್ಲಿ ಕನ್ನಡ, ಕೋಪ ಬಂದರೆ ಉರ್ದು. ಸರಕಾರಿ ಆಸ್ಪತ್ರೆಗೆ ಘಟ್ಟದ ಮೇಲಿನ ಹೊಸ ಡಾಕ್ಟ್ರು ಬಂದಿದ್ದಾರಲ್ಲ, ಅವರಿಗೆ ಅಜ್ಜಿಯಂದಿರ ಸೊಂಟ ನೋವು ಅರ್ಥ ಆಗುದು ಇವಳು ಹೇಳಿದ್ರೆ ಮಾತ್ರ.’

ಹುಡುಗಿ ತಲೆಯೆತ್ತಲಿಲ್ಲ. ಆದರೆ ಬಾಯಿಯ ಒಂದು ಬದಿ ನಗುತ್ತಿತ್ತು.

ನಮ್ಮ ಕಾರ್ಯಕ್ರಮಕ್ಕೆ ಎರಡನೆಯ ಅರ್ಧವೊಂದಿತ್ತು, ಅದಕ್ಕೆ ವಿರೋಧವೂ ಹೆಚ್ಚಿತ್ತು. ಗೆಳತಿಯ ಬಗ್ಗೆ ಮನಸ್ಸಿಗೆ ಅಳುಕು ಬಂದರೆ ಸಾವಿನ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಬೇಕು, ಒಬ್ಬಳನ್ನೇ ಬಿಡಬಾರದು, ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳಬೇಕು, ಇದನ್ನು ಗುಟ್ಟಾಗಿ ಇಟ್ಟುಕೊಳ್ಳುವುದು ಸ್ನೇಹವಲ್ಲ ಎಂದು ಕಲಿಸುತ್ತಿದ್ದೆವು. ಇಲ್ಲದ್ದನ್ನು ಮಕ್ಕಳ ತಲೆಗೆ ಹಾಕಬೇಡಿ ಎಂದು ಮುಖ್ಯೋಪಾಧ್ಯಾಯರು ಎಚ್ಚರಿಸುತ್ತಿದ್ದರು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇರುವ ಯೋಚನೆಗೆ ಹೊರಬರಲು ಬಾಗಿಲು ಸಿಗುತ್ತದೆ ಎಂದು ನಮ್ಮ ಮನೋವೈದ್ಯೆ ತಾಳ್ಮೆಯಿಂದ ವಿವರಿಸುತ್ತಿದ್ದರು. ನನಗೆ ಅಷ್ಟು ತಾಳ್ಮೆ ಇರಲಿಲ್ಲ, ನಾನು ವಾದಿಸುತ್ತಿದ್ದೆ.

ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲಿನ ಒಂದು ಶನಿವಾರ. ಬೆಳಗಿನ ಶಾಲೆ ಬಿಟ್ಟು ನಾನು ಬೆಳ್ತಂಗಡಿಯ ಬಸ್‌ಸ್ಟ್ಯಾಂಡಿನಲ್ಲಿ ಮೂಡುಬಿದಿರೆಯ ಬಸ್ಸಿಗೆ ಕಾಯುತ್ತಿದ್ದೆ. ಹೋಟೆಲಿನವರ ಮಗಳು ಓಡಿ ಬಂದಳು. ಗಣಿತದಲ್ಲಿ ಹಿಂದುಳಿದ ಮೂವರನ್ನು ಪ್ರೈವೇಟ್ ಕಟ್ಟಲು ಹೇಳಿದ್ದಾರೆ, ಗೆಳತಿಯೂ ಅವರಲ್ಲಿ ಒಬ್ಬಳು ಎಂದು ಒಂದೇ ಉಸಿರಿಗೆ ಹೇಳಿದಳು. ಇದು ನನಗೆ ಗೊತ್ತಿತ್ತು. ಸೋಮವಾರ ಜಗಳವಾಡಲು ಮಾತುಗಳನ್ನು ಆಗಲೇ ಜೋಡಿಸಿಕೊಳ್ಳುತ್ತಿದ್ದೆ. ಆದರೆ ಅವಳು ಓಡಿ ಬಂದದ್ದು ಅದನ್ನು ಹೇಳಲಿಕ್ಕಲ್ಲ.

‘ಅಕ್ಕ, ಅವಳು ಪೋಪೆ ಅಂದ್ಳು.’

ಪೋಪೆ, ಹೋಗ್ತೇನೆ. ‘ಹೌದು, ಅವಳ ಬಸ್ಸು ಬಂತಲ್ಲ’ ಎಂದೆ.

‘ಅಲ್ಲ ಅಕ್ಕ. ದಿನಾ ಬರ್ಪೆ ಅಂತ ಹೇಳಿಯೇ ಹತ್ತುದು. ಇವತ್ತು ಪೋಪೆ ಅಂದ್ಳು. ಬರ್ಪೆ ಅಂತ ಹೇಳು ಮಾರಾಯ್ತಿ ಅಂದೆ. ನಗಾಡಿದ್ಳು. ಹೇಳ್ಲಿಲ್ಲ.’

ನಮ್ಮ ಸೀಮೆಯಲ್ಲಿ ಹೊಸ್ತಿಲು ದಾಟುವ ಯಾರೂ ‘ಹೋಗ್ತೇನೆ’ ಎನ್ನುವುದಿಲ್ಲ. ಅಂಗಡಿಗೆ ಹೋಗುವವನೂ ‘ಬರ್ತೇನೆ’ ಎಂದೇ ಹೋಗುತ್ತಾನೆ, ತುಳುವಿನಲ್ಲಿ ಬರ್ಪೆ. ಮಗು ಮರೆತು ‘ಹೋಗ್ತೇನೆ’ ಎಂದರೆ ಅಜ್ಜಿಯಂದಿರು ಒಳಗೆ ಕರೆದು ತಿದ್ದಿಸಿ ಕಳಿಸುತ್ತಾರೆ. ಕೈಪಿಡಿಯಲ್ಲಿದ್ದ ಎಚ್ಚರಿಕೆಯ ಲಕ್ಷಣಗಳಲ್ಲಿ ಇದಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಹದಿನೈದರ ಹುಡುಗಿಯೊಬ್ಬಳು ತನ್ನ ಭಾಷೆಯೊಳಗೇ ನಿಂತು ಅದನ್ನು ಓದಿದ್ದಳು.

ಕಕ್ಕಿಂಜೆಯ ಬಸ್ಸು ಹೊರಟಿರಲಿಲ್ಲ. ಸೀಟು ತುಂಬದೆ ಕಂಡಕ್ಟರ್ ಸೀಟಿ ಊದುವವನಲ್ಲ. ನಾವಿಬ್ಬರೂ ಹತ್ತಿದೆವು. ಗೆಳತಿ ಅವಳ ಪಕ್ಕದಲ್ಲಿ ಕೂತಳು, ನಾನು ಹಿಂದಿನ ಸೀಟಿನಲ್ಲಿ. ಬಸ್ಸು ಉಜಿರೆ ದಾಟಿತು. ನಾನು ಬಾಗಿ ಏನೋ ಹೇಳಬೇಕೆನ್ನುವಷ್ಟರಲ್ಲಿ ಗೆಳತಿಯೇ ಸಣ್ಣ ಸ್ವರದಲ್ಲಿ ಕೇಳಿದಳು.

‘ಸಾಯ್ಬೇಕು ಅಂತ ಕಾಣ್ತದಾ ನಿಂಗೆ?’

ಹುಡುಗಿ ಮೆಲ್ಲಗೆ ಅವಳತ್ತ ತಿರುಗಿದಳು. ಆಮೇಲೆ, ‘ನಿಂಗೆ ಹೇಗೆ ಗೊತ್ತಾಯ್ತು?’

‘ನೀನೇ ಹೇಳಿದ್ಯಲ್ಲ. ಪೋಪೆ ಅಂತ.’

ಹುಡುಗಿ ಶಾಲಿನ ತುದಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗೆಳತಿ ಅವಳ ಭುಜ ಹಿಡಿದುಕೊಂಡು, ಕಿಟಕಿಯ ಹೊರಗೆ ನೋಡುತ್ತ, ‘ನಿನ್ನಿಂದ ನನ್ನ ಬಸ್ಸು ಹೋಯ್ತು. ಇನ್ನು ಊಟ ನಿಮ್ಮಲ್ಲಿಯೇ. ಮೀನು ಎಂತದು ಇವತ್ತು?’ ಎಂದಳು. ‘ಬೂತಾಯಿ’ ಎಂದು ಉತ್ತರ ಬಂತು, ಅಳುವಿನ ನಡುವೆಯೇ. ಆ ಒಂದು ಮಾತಿಗೆ ನನಗಾದ ಸಂಭ್ರಮವನ್ನು ಬರೆಯಲು ಹೊರಟರೆ ಅತಿಯಾಗಿ ಕಾಣಬಹುದು. ನಾವು ಮಾಡುತ್ತಿದ್ದುದು ನಿಜಕ್ಕೂ ಕೆಲಸ ಮಾಡುತ್ತಿತ್ತು, ಅದೂ ನನ್ನ ಕಣ್ಣೆದುರಿಗೆ, ಚಾರ್ಮಾಡಿ ರಸ್ತೆಯ ಒಂದು ಬಸ್ಸಿನಲ್ಲಿ.

ಮನೆಯಲ್ಲಿ ತಾಯಿಗೆ ನಡೆದದ್ದನ್ನು ಹುಡುಗಿಯ ಎದುರಿಗೇ, ಅವಳ ಒಪ್ಪಿಗೆ ಕೇಳಿಕೊಂಡು ಹೇಳಿದೆ. ಬೈಯಬಾರದು, ಒಬ್ಬಳನ್ನೇ ಬಿಡಬಾರದು, ಮಂಗಳೂರಿನಲ್ಲಿ ಕೂರುವ ನಮ್ಮ ಮನೋವೈದ್ಯೆಯ ಬಳಿ ಇಂದೇ ಹೋಗುವ ಎಂದೆ. ತಾಯಿ ಎದ್ದು ಬಾಗಿಲು ಹಾಕಿ ಬಂದರು. ‘ಹುಚ್ಚಿನ ಡಾಕ್ಟ್ರಲ್ಲಿಗಾ? ನಾಳೆ ಊರಿಡೀ ಗೊತ್ತಾದ್ರೆ? ಅವಳ ಅಪ್ಪ ಫೋನ್ ಮಾಡಿದ್ರೆ ಎಂತ ಹೇಳ್ಲಿ?’ ಮನಸ್ಸಿನ ಕಾಯಿಲೆಗೆ ಹುಚ್ಚು ಎಂಬ ಒಂದೇ ಹೆಸರು ಕೊಟ್ಟ ನಮ್ಮ ಸಮಾಜದ ಅನ್ಯಾಯವನ್ನು ಕುರಿತು ನನ್ನಲ್ಲಿ ಒಂದು ಭಾಷಣವೇ ಸಿದ್ಧವಿತ್ತು. ಅದಕ್ಕೆ ಅವಕಾಶ ಸಿಗಲಿಲ್ಲ. ಚಾಪೆಯ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ. ತಾಯಿ ಸೆರಗು ಬಾಯಿಗಿಟ್ಟುಕೊಂಡರು.

‘ಅಜ್ಜಿ ಎಂತ ಹೇಳಿದ್ದು?’ ಎಂದು ಕೇಳಿದೆ.

ಅಭ್ಯಾಸಬಲದಿಂದ ಹುಡುಗಿಯೇ ಅದನ್ನು ಕನ್ನಡಕ್ಕೆ ತಿರುಗಿಸತೊಡಗಿದಳು, ಸರಕಾರಿ ಆಸ್ಪತ್ರೆಯಲ್ಲಿ ತಿರುಗಿಸುತ್ತಿದ್ದ ಹಾಗೆಯೇ, ಒಂದು ಶಬ್ದವೂ ಬಿಟ್ಟುಹೋಗದಂತೆ. ‘ನನ್ನನ್ನು ಡಾಕ್ಟ್ರ ಹತ್ತಿರ ಕರ್ಕೊಂಡು ಹೋಗುದು ಇವಳು. ನನ್ನ ನೋವು ಅವರಿಗೆ ಹೇಳುದು ಇವಳು. ಇವತ್ತು ಇವಳನ್ನು ನಾನು ಕರ್ಕೊಂಡು ಹೋಗ್ತೇನೆ. ಇವಳ ನೋವು...’ ಅಲ್ಲಿಗೆ ಬಂದಾಗ ಅವಳ ಸ್ವರ ನಿಂತಿತು. ತಾನು ಯಾರ ಮಾತನ್ನು ಹೇಳುತ್ತಿದ್ದೇನೆ, ಯಾರ ಬಗ್ಗೆ ಹೇಳುತ್ತಿದ್ದೇನೆ ಎಂಬುದು ಆಗಷ್ಟೇ ಅವಳಿಗೆ ತಟ್ಟಿರಬೇಕು. ಅಜ್ಜಿ ಕುಟ್ಟುವುದನ್ನು ನಿಲ್ಲಿಸಿ ಕಾದರು. ‘ಇವಳ ನೋವು ನಾನು ಹೇಳ್ತೇನೆ’ ಎಂದು ಅವಳು ಮುಗಿಸಿದಳು.

ಬೂತಾಯಿ ಸಾರಿನಲ್ಲಿ ಊಟವಾಯಿತು. ಆಮೇಲೆ ಬಾಡಿಗೆ ಜೀಪಿನಲ್ಲಿ ಎಲ್ಲರೂ ಮಂಗಳೂರಿಗೆ ಹೋದೆವು. ಗೆಳತಿಯೂ ಬಂದಳು.

ಸೋಮವಾರ ಹುಡುಗಿಯ ತಾಯಿ ಮಗಳೊಂದಿಗೆ ಶಾಲೆಗೆ ಬಂದರು. ಮನೆಯೊಳಗಿನ ವಿಷಯವನ್ನು ಅಲ್ಲಿ ಹೇಳುವುದು ಬೇಡ, ಹೆಸರು ತೆಗೆದ ಪ್ರಶ್ನೆಯನ್ನಷ್ಟೇ ಎತ್ತುವುದು ಎಂದು ನಿರ್ಧರಿಸಿದ್ದೆವು. ನಾನು ನಿಯಮಗಳನ್ನು ಉಲ್ಲೇಖಿಸಿದೆ: ಹಾಜರಾತಿ ಸರಿಯಿರುವ ಮಗುವನ್ನು ತಡೆಯುವ ಅಧಿಕಾರ ನಿಮಗಿಲ್ಲ, ಇದು ಫಲಿತಾಂಶವನ್ನು ಉತ್ತಮಗೊಳಿಸುವುದಲ್ಲ, ಮಕ್ಕಳನ್ನು ಅಳಿಸಿಹಾಕುವುದು. ಮುಖ್ಯೋಪಾಧ್ಯಾಯರು ಕನ್ನಡಕ ಒರೆಸಿದರು. ‘ನೋಡಿ ಮೇಡಂ, ನಿಮ್ಮ ಉಂಟು ಪೀರಿಯಡ್ ಎಲ್ಲ ಆಗಬಹುದು. ಆದರೆ ನಮ್ಮದು ನೂರಕ್ಕೆ ನೂರರ ಶಾಲೆ.’

ಅಷ್ಟರವರೆಗೆ ಕುರ್ಚಿಯ ಅಂಚಿನಲ್ಲಿ ಕೂತಿದ್ದ ತಾಯಿ ತುಳುವಿನಲ್ಲಿ ಮಾತಾಡಿದರು. ಅದರ ಕನ್ನಡ ಇಷ್ಟೇ: ‘ಮಾಷ್ಟ್ರೇ, ನಿಮಗೆ ನೂರು ಬೇಕು. ನನಗೆ ಇವಳೊಬ್ಬಳು ಬೇಕು.’

ತಾಯಿಯ ತುಳು ಅವರನ್ನು ಮುಟ್ಟಿದ ಹಾಗೆ ನನ್ನ ನಿಯಮಗಳು ಮುಟ್ಟಿರಲಿಲ್ಲ. ಮುಖ್ಯೋಪಾಧ್ಯಾಯರು ಮೇಜಿನ ಮೇಲಿನ ಪೇಪರ್‌ವೇಟನ್ನು ಅತ್ತಿತ್ತ ಸರಿಸಿದರು. ಆಮೇಲೆ, ‘ಆಯ್ತು, ಬರೆಯಲಿ’ ಎಂದರು. ಮೂವರೂ ಬರೆಯಲಿ ಎಂದು ನಾನು ಕೂಡಲೇ ಸೇರಿಸಿದೆ. ಅವರು ನನ್ನನ್ನು ನೋಡಿದ ನೋಟ ಸೌಮ್ಯವಾಗಿರಲಿಲ್ಲ, ಆದರೆ ಮೂವರೂ ಬರೆದರು.

ಪರೀಕ್ಷೆಯವರೆಗೆ ಹುಡುಗಿ ಮನೋವೈದ್ಯೆಯನ್ನು ಕಾಣುತ್ತಲೇ ಇದ್ದಳು. ಕೆಲವು ವಾರ ಚೆನ್ನಾಗಿರುತ್ತಿದ್ದಳು, ಕೆಲವು ವಾರ ಇಲ್ಲ. ತಂದೆಗೆ ತಾಯಿಯೇ ಫೋನಿನಲ್ಲಿ ಎಲ್ಲವನ್ನೂ ಹೇಳಿದರಂತೆ. ಮೊದಲು ಅಂಕ ಕೇಳುತ್ತಿದ್ದ ಅವರು ಆಮೇಲೆ ಊಟ ಆಯಿತೇ ಎಂದು ಕೇಳತೊಡಗಿದರಂತೆ. ಗೆಳತಿ ಗಣಿತ ಹೇಳಿಕೊಡುತ್ತಿದ್ದಳು, ಬದಲಿಗೆ ಹಿಂದಿ ಹೇಳಿಸಿಕೊಳ್ಳುತ್ತಿದ್ದಳು. ಉಂಟು ಪೀರಿಯಡ್ಡಿನಲ್ಲಿ ಮಕ್ಕಳೇ ಒಂದು ಕಟ್ಟಳೆ ಮಾಡಿಕೊಂಡರು. ಕೊನೆಯ ಗಂಟೆ ಬಾರಿಸಿದ ಮೇಲೆ ಪ್ರತಿಯೊಬ್ಬರೂ ಪಕ್ಕದವರಿಗೆ ಅವರ ಮನೆಮಾತಿನಲ್ಲಿ ‘ಬರ್ತೇನೆ’ ಎಂದು ಹೇಳಿಯೇ ಹೊರಡಬೇಕು. ಬ್ಯಾರಿ, ತುಳು, ಕೊಂಕಣಿ, ಕನ್ನಡದಲ್ಲಿ ಆ ಮಾತು ಏಕಕಾಲಕ್ಕೆ ಎದ್ದಾಗ ಆಗುತ್ತಿದ್ದ ಗಲಾಟೆಗೆ ಪಕ್ಕದ ತರಗತಿಯಿಂದ ದೂರು ಬಂತು. ನಾವು ನಿಲ್ಲಿಸಲಿಲ್ಲ. ಮೂಡುಬಿದಿರೆಯ, ಬಂಟ್ವಾಳದ ಶಾಲೆಗಳಿಗೂ ಅದನ್ನು ಹೊತ್ತುಕೊಂಡು ಹೋದೆವು.

ಫಲಿತಾಂಶದ ದಿನ ನಾನು ಬೆಳಗ್ಗೆಯೇ ಹೊರಟು ಆ ಶಾಲೆಯ ಅಂಗಳದಲ್ಲಿ ನಿಂತಿದ್ದೆ. ಗೇಟಿನ ಮೇಲೆ ಆ ವರ್ಷ ಬಟ್ಟೆ ಕಟ್ಟಿರಲಿಲ್ಲ. ನೋಟಿಸ್ ಬೋರ್ಡಿನ ಮುಂದೆ ಮಕ್ಕಳ ಗುಂಪು, ಬೊಬ್ಬೆ, ಅಳು. ನನ್ನ ಕಣ್ಣು ಒಬ್ಬಳನ್ನೇ ಹುಡುಕುತ್ತಿತ್ತು. ಅವಳು ಗುಂಪಿನ ನಡುವಿನಿಂದ, ಗೆಳತಿಯ ಕೈ ಹಿಡಿದುಕೊಂಡು, ನೇರವಾಗಿ ನನ್ನತ್ತಲೇ ಬಂದಳು.

‘ಗಣಿತ ಹೋಯ್ತು ಅಕ್ಕ’ ಎಂದಳು. ‘ನಾನು ಉಂಟು.’

ನಾನು ಕಣ್ಣೊರೆಸಿಕೊಂಡೆ. ಗೆಳತಿ, ‘ಎಂತಕ್ಕ, ನೀವು ಅಳುದಾ? ಫೇಲಾದದ್ದು ಇವಳು’ ಎಂದಳು. ಮೂವರೂ ನಕ್ಕೆವು. ಒಂದು ವಿಷಯವಲ್ಲವೇ, ಪೂರಕ ಪರೀಕ್ಷೆ ಉಂಟು, ಕಟ್ಟುತ್ತೇನೆ ಎಂದು ಹುಡುಗಿಯೇ ನನಗೆ ಸಮಾಧಾನ ಹೇಳಿದಳು. ಅಷ್ಟರಲ್ಲಿ ರಸ್ತೆಯಲ್ಲಿ ಕಕ್ಕಿಂಜೆಯ ಬಸ್ಸಿನ ಹಾರ್ನ್ ಕೇಳಿಸಿತು. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ, ತಡವಾಗುತ್ತದೆ ಎಂದು ಅವಳು ಓಡಿದಳು. ಗೇಟು ದಾಟಿದವಳು ನಿಂತಳು, ಏನೋ ಮರೆತವಳಂತೆ ತಿರುಗಿ, ಅಂಗಳದ ಅಷ್ಟೂ ಜನರಿಗೆ ಕೇಳುವ ಹಾಗೆ ಕೂಗಿದಳು.

‘ಬರ್ಪೆ!’