ಪಕ್ಕದ ಮನೆಯಲ್ಲಿ ಯಾರಿದ್ದಾರೆ?

ಲಾಕ್‌ಡೌನ್ ಸಮಯದಲ್ಲಿ ಮಲೇಷ್ಯಾದ ಪೆಟಾಲಿಂಗ್ ಜಯಾದ ನನ್ನ ಫ್ಲ್ಯಾಟಿನಿಂದಲೇ ಸಂಶೋಧನೆ ನಡೆಸುತ್ತಿದ್ದೆ. ಕರುಳಿನ ಕ್ಯಾನ್ಸರ್ ಉಲ್ಬಣಿಸಿದವರು ಜನರ ಜೊತೆ ಎಷ್ಟು ಬೆರೆಯುತ್ತಾರೆ ಅಂತ ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಕಿತ್ತು.

ಅವರಲ್ಲೊಬ್ಬರಾದ ನಿವೃತ್ತ ಟೀಚರ್ ಸರೋಜಮ್ಮನಿಗೆ ಕೀಮೋ ನಡೆಯುತ್ತಿತ್ತು. "ಈ ವಾರ ಯಾರ ಜೊತೆ ಮಾತಾಡಿದ್ರಿ?" ಅಂದೆ. ಬಾಲ್ಕನಿಯಿಂದಲೇ ಮಾತಾಡಿಸಿದ ಒಂಬತ್ತು ಜನರ ಹೆಸರು ಹೇಳಿದರು. ಆಮೇಲೆ, "ಡಾಕ್ಟರ್, ನಿಮ್ಮ ಪಕ್ಕದ ಮನೆಯಲ್ಲಿ ಯಾರಿದ್ದಾರೆ?" ಅಂತ ನನ್ನನ್ನೇ ಕೇಳಿದರು.

ಎರಡು ವರ್ಷದಿಂದ ಅಲ್ಲೇ ಇದ್ದರೂ ನನಗೆ ಗೊತ್ತಿರಲಿಲ್ಲ.

"ಹೋಗಿ ವಿಚಾರಿಸಿಕೊಂಡು ಬನ್ನಿ ಲಾ. ಮಿಕ್ಕ ಉತ್ತರ ಆಮೇಲೆ ಹೇಳ್ತೀನಿ," ಎಂದು ಇಲ್ಲಿನವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ ಫೋನ್ ಇಟ್ಟೇಬಿಟ್ಟರು.

ಮಾಸ್ಕ್ ಹಾಕಿಕೊಂಡು ಹೋಗಿ ಬಾಗಿಲು ತಟ್ಟಿದೆ. ಮಲಯ್ ಅಜ್ಜಿಯೊಬ್ಬರು ತೆರೆದರು. ಪಕ್ಕದ ಮನೆಯವನು ಎಂದೆ.

"ಹೌದಾ? ಆ ಮನೆ ಖಾಲಿ ಇದೆ ಅಂದ್ಕೊಂಡಿದ್ದೆ ಲಾ!"

ಇದನ್ನು ಸರೋಜಮ್ಮನಿಗೆ ಹೇಳುವ ಧೈರ್ಯ ಬರಲು ಎರಡು ದಿನ ಬೇಕಾಯಿತು.