ನಾಲಗೆಗೆ ಹತ್ತದ ಊಟ

ಜೋಳದ ರೊಟ್ಟಿಯ ತುತ್ತು ಗಂಟಲಲ್ಲಿ ನಿಂತಿತು. ನೀರು ಕುಡಿದೆ. ಇಳಿಯಲಿಲ್ಲ. ತಿಂಗಳೊಪ್ಪತ್ತು ಹೀಗೇ ನಡೆದ ಮೇಲೆ ಮಗ ಮಹೇಶ ಎಳೆದುಕೊಂಡು ಹೋಗಿ ಬಯಾಪ್ಸಿ ಮಾಡಿಸಿದ.

ಕ್ಯಾನ್ಸರ್.

ರೇಡಿಯೇಷನ್ ಶುರುವಾಗಿ ಮೂರನೇ ವಾರಕ್ಕೆ ಉಗುಳು ನುಂಗುವುದೂ ಆಗದಾಯಿತು. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿದರು. ಬಾಲಾನಗರದ ಮನೆಯಲ್ಲಿ ನಾನೊಬ್ಬನೇ. ಹೆಂಡತಿ ತೀರಿ ಆರು ವರ್ಷ. ಟ್ಯೂಬಿಗೆ ಗಂಜಿ ಹಾಕಲು ನಗರದ ಇನ್ನೊಂದು ಬದಿಗೆ, ಕೊಂಡಾಪುರದಲ್ಲಿದ್ದ ಮಗನ ಮನೆಯಿಂದ ಬಂದು ನಿಂತವಳು ಸೊಸೆ ಸಬೀಹಾ. ಮಗ ಮುಸ್ಲಿಂ ಹುಡುಗಿಯನ್ನು ಮದುವೆಯಾದ ದಿನ, ಅವಳ ಕೈಯ ನೀರೂ ಮುಟ್ಟುವುದಿಲ್ಲ ಎಂದು ಹತ್ತು ಜನರೆದುರು ಹೇಳಿದ್ದೆ. ನಾಲ್ಕು ವರ್ಷ ಹಾಗೇ ನಡೆದುಕೊಂಡಿದ್ದೆ.

ವಿಜಯಪುರದಿಂದ ಅಕ್ಕ ಬಂದು ಉಳಿದಳು. ಟ್ಯೂಬ್ ಮುಟ್ಟಲು ಅವಳಿಗೆ ಹೆದರಿಕೆ. ಆದರೆ ದಾರಿ ತೋರಿಸಿದವಳು ಅವಳೇ.

"ನಾಲಗಿಗೆ ಹತ್ತಂಗಿಲ್ಲ ಅಂದಮ್ಯಾಲ ಅದು ಉಂಡಂಗ ಅಲ್ಲೋ ತಮ್ಮಾ. ನಿನ್ನ ಮಾತು ಉಳೀತೈತಿ."

ನನಗೂ ಅದು ಸರಿಯೆನಿಸಿತು. ಎಂಥ ಜಾಣರು ನಾವು!

ಸಬೀಹಾ ಗಂಜಿಯ ಹನಿಯನ್ನು ಮಣಿಕಟ್ಟಿನ ಮೇಲೆ ಬಿಟ್ಟು ಬಿಸಿ ನೋಡುತ್ತಿದ್ದಳು. ಸಿರಿಂಜನ್ನು ಎತ್ತಿ ಹಿಡಿದು ನಿಧಾನವಾಗಿ ಸುರಿಯುತ್ತಿದ್ದಳು. ರಂಜಾನ್ ಬಂತು. ತಾನು ಉಪವಾಸವಿದ್ದುಕೊಂಡು ಎರಡು ತಾಸಿಗೊಮ್ಮೆ ನನ್ನ ಹೊಟ್ಟೆ ತುಂಬಿಸಿದಳು. ಅದನ್ನು ನೋಡುತ್ತ ಮಲಗಿರಲು ನನಗೆ ನಾಚಿಕೆಯಾಗುತ್ತಿತ್ತು.

ಹಳೆಯ ಸಹೋದ್ಯೋಗಿಯೊಬ್ಬರು ನೋಡಲು ಬಂದು, "ಆ ಮಂದೀನ ಭಾಳ ನಂಬಬ್ಯಾಡ್ರಿ" ಎಂದರು. ಸಬೀಹಾ ಅಡುಗೆಮನೆಯಲ್ಲಿ ಸಿರಿಂಜ್ ತೊಳೆಯುತ್ತಿದ್ದಳು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅದೇ ಮಾತನ್ನು ನಾನೂ ಎಷ್ಟು ಸಲ ಆಡಿದ್ದೆನೋ. ಈಗ ಸಾಕೆಂದು ಕೈ ಎತ್ತಿದೆ. ಇಡೀ ಲೋಕದ ಮೇಲೆ ಪ್ರೀತಿ ಉಕ್ಕಿತು ಎಂದರೆ ಸುಳ್ಳಾದೀತು; ಆದರೆ ಆ ಮಂದಿ ಎಂದ ಕೂಡಲೇ ನನಗೀಗ ಮೊದಲು ನೆನಪಾಗುವುದು ಇವಳು.

ಕಡೆಗೊಂದು ದಿನ ಟ್ಯೂಬ್ ತೆಗೆದರು. ಮೆತ್ತಗಿನದನ್ನು ಬಾಯಿಂದ ಕೊಟ್ಟು ನೋಡಿ ಎಂದರು ಡಾಕ್ಟರ್. ಸಬೀಹಾ ಖಿಚಡಿ ಮಾಡಿ, ಬಟ್ಟಲನ್ನು ಅಕ್ಕನ ಕೈಗೆ ಕೊಟ್ಟು ಹಿಂದೆ ಸರಿದಳು. ನಾನಾಡಿದ್ದ ಮಾತು ಅವಳಿಗೂ ಗೊತ್ತಿತ್ತು.

"ನೀನ ತಿನಿಸವ್ವಾ," ಎಂದೆ ಸೊಸೆಗೆ.

ಅಕ್ಕ ನನ್ನ ಮುಖ ನೋಡಿದಳು. ಬಟ್ಟಲನ್ನು ಅವಳಿಗೆ ತಿರುಗಿ ಕೊಟ್ಟಳು.

ಮೊದಲ ಚಮಚ ಇಳಿಯಿತು.

"ಉಪ್ಪು ಸರಿ ಐತೇನ್ರಿ, ಮಾಮಾ?" ಎಂದಳು, ಗಂಡನಿಂದ ಕಲಿತ ಕನ್ನಡದಲ್ಲಿ.

"ಭಾಳ ಚಲೋ ಐತಿ," ಎಂದೆ.

ರೇಡಿಯೇಷನ್ ನಾಲಗೆಯ ರುಚಿಯನ್ನೆಲ್ಲ ಸುಟ್ಟಿತ್ತು. ಉಪ್ಪೂ ಇಲ್ಲ, ಖಾರವೂ ಇಲ್ಲ. ತಿರುಗಿ ಬರಲು ತಿಂಗಳುಗಳೇ ಬೇಕಂತೆ, ಬಂದರೆ. ಉಣ್ಣಲು ಬದುಕಿದ್ದೇನೆ, ಅದೇ ದೊಡ್ಡದು. ಸೊಸೆಯ ಕೈರುಚಿ ಹೇಗಿದೆ ಎಂಬುದು ಮಾತ್ರ ನನಗಿನ್ನೂ ಗೊತ್ತಿಲ್ಲ.